ಕೈ ಎತ್ತುವ ಮೊದಲೇ

ಸೈಕಿಯಾಟ್ರಿಯ ಕ್ಲೋಸ್ಡ್ ವಾರ್ಡ್‌ನಲ್ಲಿ, ಅಂದರೆ ಬಾಗಿಲಿಗೆ ಬೀಗ ಹಾಕಿಡುವ ವಾರ್ಡ್‌ನಲ್ಲಿ, ನರ್ಸ್‌ಗಳಾದ ನಮಗೆ ಪೇಷಂಟ್‌ಗಳಿಂದ ಏಟು ಬೀಳುವುದು ಹೆಚ್ಚಾಗಿ 'ಇಲ್ಲ' ಅಂದಾಗ. ಬೀಡಿ ಇಲ್ಲ, ಫೋನ್ ಇಲ್ಲ, ಇವತ್ತು ಮನೆಗೆ ಕಳಿಸಲ್ಲ. ತೀರ್ಮಾನ ಡಾಕ್ಟರದ್ದೇ ಇರಬಹುದು, ಆದರೆ ಅವರು ರೌಂಡ್ಸ್ ಮುಗಿಸಿ ಹೋಗಿರುತ್ತಾರೆ. ಬಾಗಿಲ ಕೀ ಹಿಡಿದು ಎದುರಿಗೆ ನಿಂತಿರುವವಳು ನರ್ಸ್ ತಾನೆ?

ಹಾಗಾಗಿ ಬರೀ 'ಇಲ್ಲ' ಅನ್ನುವುದನ್ನು ಬಿಟ್ಟೆ. 'ಆಮೇಲೆ ನೋಡೋಣ' ಅನ್ನುವುದನ್ನೂ ಬಿಟ್ಟೆ. ಅದು ಸಾಗಹಾಕುವ ಮಾತು ಅಂತ ಪೇಷಂಟ್‌ಗಳಿಗೆ ಚೆನ್ನಾಗಿ ಗೊತ್ತು. 'ನಾಲ್ಕು ಗಂಟೆಗೆ ಅಮ್ಮನ ಹತ್ರ ಮಾತಾಡಿಸ್ತೀನಿ ಅಣ್ಣ' ಅನ್ನುತ್ತೇನೆ. ನಾಲ್ಕಕ್ಕೆ ಮಾಡಿಸಲೇಬೇಕು. ಅಷ್ಟರಲ್ಲಿ ನನ್ನ ಡ್ಯೂಟಿ ಮುಗಿಯುವುದಿದ್ದರೆ, ಮುಂದಿನ ಶಿಫ್ಟ್‌ಗೆ ಓವರ್ ಕೊಡುವಾಗ ಔಷಧಿ ವಿವರದ ಜೊತೆ ನಾನು ಕೊಟ್ಟ ಮಾತನ್ನೂ ಹೇಳಿ ಹೋಗುತ್ತೇನೆ. ಇಲ್ಲದಿದ್ದರೆ ಏಟು ಮುಂದಿನ ಶಿಫ್ಟ್‌ನವಳಿಗೆ.

ಸಿಟ್ಟೆಲ್ಲ ಸಿಟ್ಟಲ್ಲ, ಇದನ್ನು ಕಲಿಯಲು ನನಗೆ ಸಮಯ ಹಿಡಿಯಿತು. ಕುಡಿತ ನಿಲ್ಲಿಸಿದ ಎರಡನೇ, ಮೂರನೇ ದಿನ ಕೆಲವರಿಗೆ ಗೋಡೆ ಮೇಲೆ ಹುಳ ಕಾಣುತ್ತದೆ, ಯಾರೋ ಕೊಲ್ಲಲು ಬಂದ ಹಾಗಾಗುತ್ತದೆ. ಅವರು ಹೊಡೆಯುವುದು ಭಯಕ್ಕೆ. ಇನ್ನು ಕೆಲವರು ಭ್ರಮೆ ತಗ್ಗಿಸುವ ಔಷಧಿ ಹ್ಯಾಲೋಪೆರಿಡಾಲ್ ಕೊಟ್ಟ ಮೇಲೆ ಕೂರಲಾಗದೆ, ನಿಲ್ಲಲಾಗದೆ ಒದ್ದಾಡುತ್ತಾರೆ. ಅದು ಅಕಥೀಸಿಯಾ, ಔಷಧಿಯದೇ ಅಡ್ಡಪರಿಣಾಮ. ಕಾಯಿಲೆ ಜಾಸ್ತಿಯಾಯಿತು ಅಂದುಕೊಂಡು ಅದೇ ಇಂಜೆಕ್ಷನ್ ಮತ್ತೆ ಕೊಟ್ಟರೆ ಒದ್ದಾಟ ಇನ್ನೂ ಹೆಚ್ಚುತ್ತದೆ. ಅನುಮಾನ ಬಂದರೆ ಡ್ಯೂಟಿ ಡಾಕ್ಟರನ್ನು ಕರೆದು ನೇರವಾಗಿ ಹೇಳುತ್ತೇನೆ.

ಪೇಷಂಟ್ ಕೈ ಎತ್ತುವ ಸಾಧ್ಯತೆ ಎಷ್ಟು ಅಂತ ಮೊದಲೇ ಅಂದಾಜು ಮಾಡಲು ನಾರ್ವೆಯಲ್ಲಿ ಹುಟ್ಟಿದ ಬ್ರೋಸೆಟ್ ಪಟ್ಟಿಯನ್ನೂ ಬಳಸುತ್ತೇನೆ. ಗೊಂದಲ, ಸಿಡಿಮಿಡಿ, ಗಲಾಟೆ, ಬಾಯಿಮಾತಿನ ಬೆದರಿಕೆ, ಹೊಡೆಯುವ ಹಾಗೆ ಮೈಮೇಲೆ ಏರಿ ಬರುವುದು, ವಸ್ತು ಒಡೆಯುವುದು: ಒಟ್ಟು 6 ಲಕ್ಷಣ, ಒಂದೊಂದಕ್ಕೆ ಒಂದು ಅಂಕ. 3 ಮುಟ್ಟಿದರೆ ಆ ಪೇಷಂಟ್ ಹತ್ತಿರ ಒಬ್ಬಳೇ ಹೋಗುವುದಿಲ್ಲ. ಹೋದಾಗಲೂ ಕೈಗೆಟುಕದಷ್ಟು ದೂರ, ಸ್ವಲ್ಪ ಓರೆಯಾಗಿ ನಿಲ್ಲುತ್ತೇನೆ. ಬಾಗಿಲು ಇಬ್ಬರಿಗೂ ಬಿಡುವಾಗಿರಬೇಕು. ಕತ್ತಿನ ಐಡಿ ಕಾರ್ಡ್ ತೆಗೆದಿಡುತ್ತೇನೆ, ಕೂದಲು ತುರುಬು. ಮಾತಾಡುವುದು ಒಬ್ಬರೇ. ನಾಲ್ಕು ಜನ ನಾಲ್ಕು ಕಡೆಯಿಂದ 'ಸುಮ್ನಿರು' ಅಂದರೆ ಯಾರು ಸುಮ್ಮನಿರುತ್ತಾರೆ?

ಕಟ್ಟಿಹಾಕುವುದು ಕೊನೆಯ ದಾರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಶಿಕ್ಷೆಗಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಕಡಿಮೆ ಅನ್ನುವ ಕಾರಣಕ್ಕೂ ಕಟ್ಟುವಂತಿಲ್ಲ. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಸಿಬ್ಬಂದಿ ಕೊಡಬೇಕಾದವರೂ ಆ ಸಾಲನ್ನು ಓದಬೇಕಲ್ವಾ?

ಒಮ್ಮೆ ನನ್ನ ದವಡೆಗೆ ಗುದ್ದು ಬಿದ್ದಾಗ ಹಿರಿಯ ಸಿಸ್ಟರ್ ಹೇಳಿದ್ದು, 'ಸೈಕಿಯಾಟ್ರಿಗೆ ಬಂದ್ಮೇಲೆ ಇದೆಲ್ಲ ಇದ್ದದ್ದೇ ಬಿಡಮ್ಮ.' ನಾನು ಬಿಡಲಿಲ್ಲ. ಅವತ್ತಿನಿಂದ ಪ್ರತಿ ಏಟನ್ನೂ, ತಪ್ಪಿದ ಏಟನ್ನೂ ಒಂದು ರಿಜಿಸ್ಟರ್‌ನಲ್ಲಿ ಬರೆಯುತ್ತಿದ್ದೇನೆ. ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಗಿತ್ತು, ಅಲ್ಲಿ ಯಾರಿದ್ದರು. ಯಾರ ಮೇಲೂ ದೂರಲ್ಲ ಅದು. ಭ್ರಮೆಯಲ್ಲಿ ಹೊಡೆದವನ ಮೇಲೆ ನನಗೆ ಕೋಪವಿಲ್ಲ. (ಕುಡಿದು ಬಂದು ಕೊರಳಪಟ್ಟಿ ಹಿಡಿಯುವ ಸಂಬಂಧಿಕರ ವಿಷಯ ಬೇರೆ. ಅವರಿಗೆ ಕರ್ನಾಟಕದಲ್ಲಿ ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯುವ 2009ರ ಕಾಯ್ದೆ ಇದೆ.)

ಪುಟ ತುಂಬಿದ ಮೇಲೆ ಗೊತ್ತಾಯಿತು, ಜಾಸ್ತಿ ಗಲಾಟೆ ಆಗುವುದು ಸಂಜೆ ಮನೆಯವರು ನೋಡಿಕೊಂಡು ಹೊರಟ ಮೇಲೆ. ನಾವು ಅದೇ ಹೊತ್ತಿಗೆ ನರ್ಸಿಂಗ್ ಸ್ಟೇಷನ್‌ನಲ್ಲಿ ತಲೆ ಬಗ್ಗಿಸಿ ಕೇಸ್ ಶೀಟ್ ಬರೆಯುತ್ತಿದ್ದೆವು. ಈಗ ಆ ಹೊತ್ತಿಗೆ ಬರೆಯುವುದಿಲ್ಲ, ವಾರ್ಡ್‌ನೊಳಗೆ ಓಡಾಡುತ್ತೇವೆ. ರಿಜಿಸ್ಟರ್ ತೋರಿಸಿ ಕೇಳಿದ್ದಕ್ಕೆ ಸಂಜೆಗೆ ಇನ್ನೊಬ್ಬ ಅಟೆಂಡರ್ ಸಿಕ್ಕರು. ರಾತ್ರಿ ಪಾಳಿಗೆ ಇನ್ನೂ ಕೇಳುತ್ತಿದ್ದೇನೆ.