ಅಡುಗೆ ಸ್ಪರ್ಧೆಗೆ ಹೊರಡುವ ಮೊದಲು ಮನೆಯಲ್ಲೇ ಆಗಬೇಕಾದ ತಯಾರಿ

ಟೀವಿಯಲ್ಲಿ ಮನೆ ಅಡುಗೆಯವರ ಸ್ಪರ್ಧೆ ಬಂದಾಗ ಹೆಚ್ಚಿನವರ ಕಣ್ಣು ಕೊನೆಯ ಐದು ನಿಮಿಷದ ಮೇಲೆಯೇ ನೆಟ್ಟಿರುತ್ತದೆ. ಸಮಯ ಮುಗಿಯುತ್ತ ಬಂದಿರುತ್ತದೆ, ಸ್ಪರ್ಧಿಗಳ ಕೈ ನಡುಗುತ್ತಿರುತ್ತದೆ, ತಟ್ಟೆಯ ಅಂಚಿಗೆ ಬಿದ್ದ ಹನಿಯನ್ನು ಒರೆಸುವಷ್ಟರಲ್ಲಿ ಕೈ ಮೇಲೆತ್ತಿ ಎಂಬ ಕೂಗು ಕೇಳುತ್ತದೆ. ನಲವತ್ತು ವರ್ಷಕ್ಕೂ ಮಿಕ್ಕಿ ಒಲೆಯ ಮುಂದೆ ನಿಂತಿರುವ ನಾನು ಮಾತ್ರ ಮೊದಲ ಹತ್ತು ನಿಮಿಷವನ್ನು ಗಮನವಿಟ್ಟು ನೋಡುತ್ತೇನೆ. ಒಲೆ ಹಚ್ಚುವ ಮೊದಲೇ ಬೇಕಾದ ಸಾಮಾನನ್ನೆಲ್ಲ ಎದುರಿಗೆ ಜೋಡಿಸಿಕೊಂಡವರು ಯಾರು, ಎಣ್ಣೆ ಕಾಯಲು ಇಟ್ಟು ಆಮೇಲೆ ಈರುಳ್ಳಿ ಹುಡುಕಲು ಓಡಿದವರು ಯಾರು ಎನ್ನುವುದು ಅಷ್ಟರಲ್ಲೇ ತಿಳಿದುಹೋಗುತ್ತದೆ. ಕೊನೆಯಲ್ಲಿ ಕಾಣುವ ಗಾಬರಿಯ ಮೂಲ ಬಹುಮಟ್ಟಿಗೆ ಅಲ್ಲಿಯೇ ಇರುತ್ತದೆ. ಇಂಥ ಸ್ಪರ್ಧೆಗೆ ಹೋಗಬೇಕೆಂದು ಮನಸ್ಸು ಮಾಡಿರುವವರಿಗೆ ನಾನು ಹೇಳಬೇಕಾದದ್ದೂ ಮುಖ್ಯವಾಗಿ ಆ ಹತ್ತು ನಿಮಿಷಕ್ಕೆ ಸಂಬಂಧಿಸಿದ್ದು.

ಈ ಸ್ಪರ್ಧೆಗಳು ನಮ್ಮಂಥವರಿಗಾಗಿಯೇ ಇರುವುವು ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. 1990ರಲ್ಲಿ ಬ್ರಿಟನ್ನಿನ ಬಿಬಿಸಿಯಲ್ಲಿ ಆರಂಭವಾಗಿ, 2005ರಲ್ಲಿ ಹೊಸ ರೂಪದಲ್ಲಿ ಮರಳಿ ಬಂದ ಮಾಸ್ಟರ್‌ಷೆಫ್ ಕಾರ್ಯಕ್ರಮವು ಅಡುಗೆಯನ್ನು ವೃತ್ತಿಯಾಗಿ ಮಾಡದವರನ್ನೇ ಕರೆದು ನಿಲ್ಲಿಸಿತು. 2009ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಮೊದಲ ಆವೃತ್ತಿಯನ್ನು ಗೆದ್ದ ಜೂಲಿ ಗುಡ್ವಿನ್ ಮೂರು ಮಕ್ಕಳ ತಾಯಿ. 2010ರಲ್ಲಿ ಭಾರತದಲ್ಲಿ ಶುರುವಾದ ಆವೃತ್ತಿಯನ್ನು ಮೊದಲು ಗೆದ್ದ ಪಂಕಜ್ ಭದೌರಿಯಾ ಶಾಲಾ ಶಿಕ್ಷಕಿಯಾಗಿದ್ದವರು. ಅದೇ 2010ರಲ್ಲಿ ಬ್ರಿಟನ್ನಿನಲ್ಲಿ ಗುಡಾರದೊಳಗೆ ಶುರುವಾದ ಬೇಕಿಂಗ್ ಸ್ಪರ್ಧೆ, ದಿ ಗ್ರೇಟ್ ಬ್ರಿಟಿಷ್ ಬೇಕ್ ಆಫ್ ಕೂಡ ಮನೆಯಲ್ಲಿ ಬೇಯಿಸುವವರದ್ದೇ. ಆದ್ದರಿಂದ ಅಡುಗೆ ಕಾಲೇಜಿನ ಮೆಟ್ಟಿಲು ಹತ್ತಿಲ್ಲವೆಂಬ ಅಳುಕು ಬೇಡ. ಮನೆಯಲ್ಲಿ ಅಡುಗೆ ಮಾಡುವವರಿಗೆ ಕೈಗುಣ ಇರುತ್ತದೆ, ಹದ ಗೊತ್ತಿರುತ್ತದೆ. ಗಡಿಯಾರಕ್ಕೆ ಕಟ್ಟುಬಿದ್ದು, ಗೊತ್ತಿಲ್ಲದ ಜಾಗದಲ್ಲಿ, ಇನ್ನೊಬ್ಬರು ಕೊಟ್ಟ ಸಾಮಾನಿನಲ್ಲಿ ಅಡುಗೆ ಮಾಡುವ ಅಭ್ಯಾಸ ಮಾತ್ರ ಇರುವುದಿಲ್ಲ, ಮತ್ತು ಆ ಅಭ್ಯಾಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು.

ನನ್ನ ತಂಗಿಯ ಮಗಳು ಇಂಥದೊಂದು ಸ್ಪರ್ಧೆಗೆ ಹೆಸರು ಕೊಟ್ಟಾಗ, 60 ನಿಮಿಷದಲ್ಲಿ ಮೂರು ಪದಾರ್ಥ ಮಾಡಿ ಬಡಿಸಬೇಕೆಂದು ನಮ್ಮ ಅಡುಗೆಮನೆಯಲ್ಲೇ ನಿಲ್ಲಿಸಿದೆ. ನಾನು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಒಂದು ಚೀಟಿಯ ಮೇಲೆ ಅವಳು ಫ್ರಿಡ್ಜಿಗೂ ಕಟ್ಟೆಗೂ ನಡುವೆ ಓಡಾಡಿದ್ದಕ್ಕೆಲ್ಲ ಒಂದೊಂದು ಗೆರೆ ಎಳೆಯುತ್ತ ಬಂದೆ. ಗಂಟೆ ಮುಗಿದಾಗ ಎರಡು ಪದಾರ್ಥ ಮಾತ್ರ ಆಗಿದ್ದವು, ಅದರಲ್ಲಿ ಒಂದು ತಳ ಹಿಡಿದಿತ್ತು. “ದೊಡ್ಡಮ್ಮ, ಇನ್ನೊಂದು ಹತ್ತು ನಿಮಿಷ ಸಿಕ್ಕಿದ್ದರೆ ಮುಗಿಸಿಬಿಡುತ್ತಿದ್ದೆ” ಎಂದಳು. ಚೀಟಿಯನ್ನು ಅವಳ ಕೈಗೆ ಕೊಟ್ಟೆ. ಅದರಲ್ಲಿ 31 ಗೆರೆಗಳಿದ್ದವು. ಒಂದು ಓಡಾಟಕ್ಕೆ 20 ಸೆಕೆಂಡು ಎಂದು ಹಿಡಿದರೂ ಹತ್ತು ನಿಮಿಷ ಅಲ್ಲಿಯೇ ಹೋಗಿತ್ತು. ಮರುದಿನ ಅವಳು ಒಂದು ದೊಡ್ಡ ತಟ್ಟೆ ತೆಗೆದುಕೊಂಡು ಒಂದೇ ಸಲಕ್ಕೆ ಬೇಕಾದುದನ್ನೆಲ್ಲ ತಂದಿಟ್ಟುಕೊಂಡು, ಹೆಚ್ಚುವುದನ್ನು ಪೂರ್ತಿ ಮುಗಿಸಿ, ಬಟ್ಟಲುಗಳನ್ನು ಬಾಣಲೆಗೆ ಬೀಳುವ ಕ್ರಮದಲ್ಲಿ ಎಡದಿಂದ ಬಲಕ್ಕೆ ಜೋಡಿಸಿ, ಆಮೇಲೆ ಒಲೆ ಹಚ್ಚಿದಳು. ಆ ದಿನ ಮೂರೂ ಪದಾರ್ಥಗಳು ಆದವು, ನಾಲ್ಕು ನಿಮಿಷ ಮಿಕ್ಕಿತು.

ಅಡುಗೆಯ ಹೊತ್ತನ್ನು ಬಡಿಸುವ ಗಳಿಗೆಯಿಂದ ಹಿಂದಕ್ಕೆ ಎಣಿಸುವುದನ್ನು ರೂಢಿ ಮಾಡಿಕೊಳ್ಳಿ. 60 ನಿಮಿಷವಿದ್ದರೆ ಕೊನೆಯ 5 ನಿಮಿಷವನ್ನು ಬಡಿಸುವುದಕ್ಕೂ, ಅದರ ಹಿಂದಿನ 5 ನಿಮಿಷವನ್ನು ರುಚಿ ನೋಡಿ ತಿದ್ದುವುದಕ್ಕೂ ಎತ್ತಿಟ್ಟುಬಿಡಿ, ಹಾಗಾದರೆ ನಿಮ್ಮ ಕೈಯಲ್ಲಿರುವುದು 50 ನಿಮಿಷ ಮಾತ್ರ. ಆ 50 ನಿಮಿಷದಲ್ಲಿ ತಾನಾಗಿಯೇ ಬೇಯುವ, ತಣಿಯಬೇಕಾದ ಅಥವಾ ಹೆಪ್ಪುಗಟ್ಟಬೇಕಾದ ಕೆಲಸ ಯಾವುದಿದೆಯೋ ಅದನ್ನು ಮೊದಲು ಹೊಂದಿಸಿ, ಅದು ಆಗುತ್ತಿರುವಾಗ ಕೈಕೆಲಸಗಳನ್ನು ಮಾಡಿ. ಸಿಹಿಯನ್ನು ಕೊನೆಗೆ ಬಡಿಸುತ್ತೇವೆಂದು ಕೊನೆಗೇ ಮಾಡಹೊರಟು, ಬಿಸಿಯಿರುವಾಗಲೇ ತಟ್ಟೆಗೆ ಹಾಕಿ, ಕಣ್ಣೆದುರಿಗೇ ಅದು ಕರಗಿ ಹರಿಯುವುದನ್ನು ಎಷ್ಟೋ ಕಂತುಗಳಲ್ಲಿ ನೀವು ನೋಡಿರುತ್ತೀರಿ. ಆ ಸ್ಪರ್ಧಿಗಳಿಗೆ ಅಡುಗೆ ಬರುತ್ತಿರಲಿಲ್ಲವೆಂದಲ್ಲ, ಅವರು ಹೊತ್ತನ್ನು ಮುಂದಿನಿಂದ ಎಣಿಸಿದ್ದರು ಅಷ್ಟೆ.

ಹೆಚ್ಚುವ ಮಣೆ ಕಟ್ಟೆಯ ಮೇಲೆ ಜಾರುತ್ತಿದ್ದರೆ ಕೈಗೆ ಧೈರ್ಯ ಬರುವುದಿಲ್ಲ. ಒಂದು ಸಣ್ಣ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ನೆರಿಗೆಯಿಲ್ಲದಂತೆ ಹರಡಿ, ಅದರ ಮೇಲೆ ಮಣೆಯನ್ನಿಡಿ. ಅದು ಅಲ್ಲಾಡದೆ ನಿಲ್ಲುತ್ತದೆ. ಚಾಕು ಹರಿತವಾಗಿರಲಿ. ಮೊಂಡು ಚಾಕು ಕೈ ಕೊಯ್ಯುವುದಿಲ್ಲವೆಂಬ ನಂಬಿಕೆ ತಪ್ಪು, ಏಕೆಂದರೆ ಅದನ್ನು ಒತ್ತಿ ಹಿಡಿಯಬೇಕಾಗುತ್ತದೆ ಮತ್ತು ಒತ್ತಿದ ಚಾಕು ಜಾರಿದರೆ ಬೆರಳಿಗೇ ಬರುತ್ತದೆ. ಈರುಳ್ಳಿ ಹೆಚ್ಚುವಾಗ ಬೇರಿನ ತುದಿಯನ್ನು ಕೊನೆಯವರೆಗೂ ಕತ್ತರಿಸಬೇಡಿ, ಪದರಗಳನ್ನು ಹಿಡಿದಿಡುವುದೇ ಅದು. ಉಳಿದ ಕೈಯ ಬೆರಳ ತುದಿಗಳನ್ನು ಒಳಕ್ಕೆ ಮಡಚಿ, ಗೆಣ್ಣಿಗೆ ತಾಗಿಕೊಂಡು ಚಾಕು ಇಳಿಯುವಂತೆ ಮಾಡಿ. ತುಂಡುಗಳು ಒಂದೇ ಅಳತೆಯಲ್ಲಿರಲಿ ಎಂದು ತೀರ್ಪುಗಾರರು ಹೇಳುವುದು ನೋಟಕ್ಕಾಗಿ ಮಾತ್ರವಲ್ಲ. ಒಂದು ದಪ್ಪ, ಒಂದು ಸಣ್ಣ ಇದ್ದರೆ ಸಣ್ಣದು ಸೀಯುವ ಹೊತ್ತಿಗೂ ದಪ್ಪದ್ದು ಹಸಿಯಾಗಿಯೇ ಉಳಿದಿರುತ್ತದೆ.

ಇನ್ನು ಹುರಿಯುವ ವಿಷಯಕ್ಕೆ ಬರುತ್ತೇನೆ. ಮನೆಯ ಅಡುಗೆಗೂ ಸ್ಪರ್ಧೆಯ ಅಡುಗೆಗೂ ರುಚಿಯಲ್ಲಿ ಅಂತರ ಬರುವುದು ಹೆಚ್ಚಾಗಿ ಇಲ್ಲಿಯೇ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಆದರೆ ಮಾಂಸವಾಗಲಿ ತರಕಾರಿಯಾಗಲಿ ಹೊಂಬಣ್ಣಕ್ಕೆ ತಿರುಗಿ ಒಳ್ಳೆಯ ಘಮ ಬರಬೇಕಾದರೆ ಅದರ ಮೇಲ್ಮೈ ಸುಮಾರು 140 ಡಿಗ್ರಿ ದಾಟಬೇಕು. ಮೇಲೆ ನೀರಿನ ಪಸೆ ಇರುವವರೆಗೂ ಉರಿಯ ಶಕ್ತಿಯೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಪದಾರ್ಥ ಹುರಿಯದೆ ಬೇಯುತ್ತ ಕೂರುತ್ತದೆ. ಆದ್ದರಿಂದ ತೊಳೆದದ್ದನ್ನು ಒಣ ಬಟ್ಟೆಯಲ್ಲಿ ಒತ್ತಿ ಪಸೆ ತೆಗೆಯಿರಿ, ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ತುಂಡುಗಳ ನಡುವೆ ಜಾಗವಿರುವಂತೆ ಹಾಕಿ. ಹೊತ್ತು ಉಳಿಯಲೆಂದು ಎಲ್ಲವನ್ನೂ ಒಟ್ಟಿಗೆ ಸುರಿದರೆ ಬಾಣಲೆ ಒಮ್ಮೆಗೇ ತಣಿದು ನೀರು ಬಿಡುತ್ತದೆ. ಎರಡು ಸಲ ಹುರಿಯುವುದು ಒಂದು ಸಲ ತುಂಬಿ ಹುರಿಯುವುದಕ್ಕಿಂತ ಬೇಗ ಮುಗಿಯುತ್ತದೆ ಎನ್ನುವುದನ್ನು ನೀವೇ ಒಮ್ಮೆ ಗಡಿಯಾರ ಹಿಡಿದು ನೋಡಿ. ಹಾಕಿದ ತಕ್ಷಣ ಚುಯ್ ಎಂಬ ಸದ್ದು ಬರಬೇಕು ಮತ್ತು ಅದು ಹಾಗೆಯೇ ಮುಂದುವರಿಯಬೇಕು; ಸದ್ದು ಇಳಿದು ಗುಳುಗುಳು ಎಂದರೆ ನೀರು ಕೂಡಿದೆಯೆಂದೇ ಅರ್ಥ. ತಿರುವಿಹಾಕುವ ಆತುರವೂ ಬೇಡ, ಹೊಂಬಣ್ಣ ಬಂದ ತುಂಡು ಬಹುಮಟ್ಟಿಗೆ ತಾನಾಗಿಯೇ ತಳ ಬಿಡುತ್ತದೆ. ಒಲೆಯಿಂದ ಇಳಿಸಿದ ಮೇಲೂ ದಪ್ಪ ತುಂಡಿನ ಒಳಗೆ ಕೆಲವು ಡಿಗ್ರಿ ಶಾಖ ಏರುತ್ತದೆ, ಹಾಗಾಗಿ ಹದಕ್ಕಿಂತ ಸ್ವಲ್ಪ ಮೊದಲೇ ಇಳಿಸಿ, ಕೊಯ್ಯುವ ಮೊದಲು ನಾಲ್ಕೈದು ನಿಮಿಷ ಸುಮ್ಮನೆ ಬಿಡಿ.

ರುಚಿ ನೋಡದೆ ಬಡಿಸಿ ಹೊರಬಿದ್ದವರ ಸಂಖ್ಯೆ ಈ ಸ್ಪರ್ಧೆಗಳಲ್ಲಿ ಕಡಿಮೆಯಲ್ಲ, ಅದನ್ನು ಕಂಡಾಗಲೆಲ್ಲ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಒಂದು ಲೋಟದಲ್ಲಿ ಹತ್ತಾರು ಚಮಚಗಳನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಳ್ಳಿ, ಬಳಸಿದ್ದನ್ನು ಹಾಕಲು ಇನ್ನೊಂದು ಲೋಟ ಇರಲಿ. ಎಂಜಲು ಚಮಚ ಮತ್ತೆ ಪಾತ್ರೆಗೆ ಬೀಳಕೂಡದು. ಉಪ್ಪನ್ನು ಒಮ್ಮೆಲೇ ಹಾಕದೆ ಹಂತಹಂತವಾಗಿ ಹಾಕಿ, ಆದರೆ ಬತ್ತಿಸುವ ಪದಾರ್ಥಕ್ಕೆ ಮೊದಲೇ ಸರಿಯಾಗಿ ಉಪ್ಪು ಹಾಕಿದರೆ ನೀರು ಇಂಗಿದ ಮೇಲೆ ಉಪ್ಪುಪ್ಪಾಗುತ್ತದೆಂಬುದು ನೆನಪಿರಲಿ. ಏನೋ ಕಡಿಮೆಯಾಗಿದೆ ಎನಿಸಿದಾಗ ಎಲ್ಲರೂ ಉಪ್ಪಿನ ಡಬ್ಬಿಗೇ ಕೈ ಹಾಕುತ್ತಾರೆ, ಆದರೆ ಎಷ್ಟೋ ಸಲ ಬೇಕಾಗಿರುವುದು ನಾಲ್ಕು ಹನಿ ಹುಳಿ. ತೀರಾ ಬಿಸಿಯಿರುವಾಗ ನಾಲಿಗೆಗೆ ರುಚಿ ಸರಿಯಾಗಿ ತಿಳಿಯುವುದಿಲ್ಲ. ಚಮಚದಲ್ಲಿ ತೆಗೆದು, ಊದಿ, ಉಣ್ಣುವಷ್ಟು ಬೆಚ್ಚಗಾದ ಮೇಲೆ ನೋಡಿ.

ಬೇಕಿಂಗ್‌ನಲ್ಲಿ ಕಣ್ಣಳತೆಯನ್ನು ನಂಬಬೇಡಿ. ಅದೇ ಬಟ್ಟಲಿಗೆ ಹಿಟ್ಟನ್ನು ಹಗುರವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ ಆಗಬಹುದು, ಆ ವ್ಯತ್ಯಾಸಕ್ಕೇ ಕೇಕು ಒಣಗಿ ಬಿರಿಯುತ್ತದೆ. ಒಂದು ಸಣ್ಣ ತಕ್ಕಡಿ ಕೊಂಡುಕೊಳ್ಳಿ. ಗುಡಾರದ ಸ್ಪರ್ಧೆಯಲ್ಲಿ ಎಲ್ಲರಿಗೂ ಒಂದೇ ತಿನಿಸಿನ ಅರೆಬರೆ ವಿಧಾನವನ್ನಷ್ಟೇ ಕೊಟ್ಟು, ಯಾರು ಮಾಡಿದ್ದೆಂದು ತಿಳಿಯದಂತೆ ತೀರ್ಪು ಕೊಡುವ ಒಂದು ಸುತ್ತಿದೆ. ಅದನ್ನು ಮನೆಯಲ್ಲೂ ಆಡಬಹುದು. ನೀವು ಹಿಂದೆ ಮಾಡದ ತಿನಿಸೊಂದರ ವಿಧಾನವನ್ನು ಮನೆಯವರು ಯಾರಾದರೂ ಬರೆದುಕೊಳ್ಳಲಿ, ಅದರಲ್ಲಿ ಬೇಯಿಸುವ ಹೊತ್ತು ಮತ್ತು ಶಾಖವನ್ನು ಬಿಟ್ಟು ಉಳಿದದ್ದನ್ನು ಮಾತ್ರ ನಿಮಗೆ ಕೊಡಲಿ. ಬಣ್ಣ, ವಾಸನೆ, ಬೆರಳು ಒತ್ತಿದಾಗ ಪುಟಿಯುವ ರೀತಿಯಿಂದ ಹದವನ್ನು ಗುರುತಿಸಲು ಕಲಿಯುವುದು ಹೀಗೆಯೇ. ಮಾಸ್ಟರ್‌ಷೆಫ್‌ನ ಮಿಸ್ಟರಿ ಬಾಕ್ಸ್ ಸುತ್ತನ್ನೂ ಹೀಗೆಯೇ ಅಭ್ಯಾಸ ಮಾಡಬಹುದು: ಇನ್ನೊಬ್ಬರು ಆರೇಳು ಪದಾರ್ಥಗಳನ್ನು ಆರಿಸಿ ಮುಚ್ಚಿಟ್ಟಿರಲಿ, ತೆರೆದ ಮೇಲೆ ಮೂರು ನಿಮಿಷ ಏನನ್ನೂ ಮುಟ್ಟದೆ ಯೋಚಿಸಿ, ನಂತರ ಕೈ ಹಚ್ಚಿ. ಸಿಕ್ಕಿದ್ದನ್ನೆಲ್ಲ ಒಂದೇ ತಟ್ಟೆಗೆ ತುಂಬಬೇಕೆಂದಿಲ್ಲ, ಬೇಡದ್ದನ್ನು ಬಿಡುವ ಧೈರ್ಯ ಬರುವುದಕ್ಕೇ ಈ ಅಭ್ಯಾಸ.

ಹಸಿ ಮಾಂಸಕ್ಕೆ ಬೇರೆ ಮಣೆ, ಬೇರೆ ಚಾಕು ಇರಲೇಬೇಕು. ಕೋಳಿಮಾಂಸದ ಒಳಭಾಗ 74 ಡಿಗ್ರಿ ಮುಟ್ಟಬೇಕು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರನ್ನು ಎಂದಿಗೂ ಹಾಕಬೇಡಿ, ಪಾತ್ರೆಯನ್ನು ಎತ್ತಿಕೊಂಡು ಓಡಲೂಬೇಡಿ. ಒಲೆಯನ್ನು ಆರಿಸಿ ಅಗಲವಾದ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯದಿರಿ.

ಟೀವಿಯಲ್ಲಿ ಕಾಣುವುದನ್ನು ನೋಡಿ ಧೃತಿಗೆಡುವವರಿಗೂ ಒಂದು ಮಾತಿದೆ. ಒಂದು ಗಂಟೆಯ ಅಡುಗೆಯನ್ನು ಸಂಕಲನದ ನಂತರ ಕೆಲವೇ ನಿಮಿಷಗಳಲ್ಲಿ ತೋರಿಸುತ್ತಾರೆ, ಕಾಯುವ ಹೊತ್ತು, ಪಾತ್ರೆ ತೊಳೆಯುವ ಹೊತ್ತು, ಕೈ ಒರೆಸಿಕೊಂಡು ಯೋಚಿಸುವ ಹೊತ್ತು ತೆರೆಯ ಮೇಲೆ ಬರುವುದೇ ಇಲ್ಲ. ನಿಮ್ಮ ಕೈ ನಿಧಾನವೆಂದು ಅದರೊಡನೆ ಹೋಲಿಸಿಕೊಳ್ಳಬೇಡಿ. ಹಾಗೆಯೇ ತೀರ್ಪುಗಾರರ ಗಟ್ಟಿ ಮಾತನ್ನು ಮನೆಯ ಊಟದ ಮೇಜಿಗೆ ತರಬೇಡಿ. ಬೆಳಿಗ್ಗೆಯಿಂದ ದುಡಿದು ಬಡಿಸಿದವರ ಎದುರಿಗೆ ತಟ್ಟೆಯನ್ನು ತಳ್ಳಿ ಅಂಕ ಕೊಡುವುದು ತಮಾಷೆಗೂ ಸರಿಯಲ್ಲ. ಅಭ್ಯಾಸಕ್ಕೆ ಅಭಿಪ್ರಾಯ ಬೇಕಾದರೆ ಊಟ ಮುಗಿದ ಮೇಲೆ ನೀವೇ ಕೇಳಿ, “ಹೇಗಿತ್ತು” ಎಂದು ಕೇಳುವ ಬದಲು “ಉಪ್ಪು, ಹುಳಿ, ಖಾರದಲ್ಲಿ ಯಾವುದು ಮುಂದಾಗಿತ್ತು” ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ.

ಆಯ್ಕೆಯ ಸುತ್ತಿಗೆ ಮನೆಯಿಂದಲೇ ಮಾಡಿ ತರಬೇಕೆಂದು ಹೇಳುವುದುಂಟು. ಆಗ ಬಿಸಿಬಿಸಿಯಾಗಿದ್ದರಷ್ಟೇ ಚೆನ್ನಾಗಿರುವ, ಗರಿಗರಿಯೇ ಜೀವವಾಗಿರುವ ತಿನಿಸನ್ನು ಆರಿಸಿಕೊಳ್ಳಬೇಡಿ, ಏಕೆಂದರೆ ಸರದಿಯಲ್ಲಿ ಎಷ್ಟು ಹೊತ್ತು ಕಾಯಬೇಕೆಂದು ಯಾರೂ ಹೇಳಲಾರರು. 5ರಿಂದ 60 ಡಿಗ್ರಿಯ ನಡುವಿನ ಶಾಖದಲ್ಲಿ ಆಹಾರ ಎರಡು ಗಂಟೆಗಿಂತ ಹೆಚ್ಚು ಉಳಿಯಬಾರದು, ಆದ್ದರಿಂದ ತಣ್ಣಗಿನದನ್ನು ಐಸ್ ಇಟ್ಟ ಪೆಟ್ಟಿಗೆಯಲ್ಲಿ, ಬಿಸಿಯದನ್ನು ಕುದಿನೀರು ಹಾಕಿ ಕಾಯಿಸಿಟ್ಟ ಫ್ಲಾಸ್ಕಿನಲ್ಲಿ ಒಯ್ಯಿರಿ. ಹೊರಡುವ ದಿನಕ್ಕಿಂತ ಒಂದು ವಾರ ಮೊದಲು ಅದೇ ಅಡುಗೆ ಮಾಡಿ, ಅದೇ ಡಬ್ಬಿಗಳಿಗೆ ತುಂಬಿ, ಎರಡು ಗಂಟೆ ಹಾಗೆಯೇ ಇಟ್ಟು, ಆಮೇಲೆ ನಿಂತುಕೊಂಡೇ ತಟ್ಟೆಗೆ ಜೋಡಿಸಿ ರುಚಿ ನೋಡಿ. ನನ್ನ ತಂಗಿಯ ಮಗಳು ಹೀಗೆ ನೋಡಿದಾಗಲೇ ಅವಳ ಸಾಸು ಗಟ್ಟಿಯಾಗಿ ಮುದ್ದೆಯಾಗಿದ್ದು ಗೊತ್ತಾಯಿತು, ಹೊರಡುವ ದಿನ ಅದನ್ನು ತುಸು ತೆಳುವಾಗಿಯೇ ಮಾಡಿ, ಬಡಿಸುವ ಚಮಚವನ್ನೂ ತಟ್ಟೆ ಒರೆಸುವ ಬಟ್ಟೆಯನ್ನೂ ಮರೆಯದೆ ಚೀಲದ ಮೇಲ್ಭಾಗದಲ್ಲಿಟ್ಟುಕೊಂಡು ಹೋದಳು.