ತಂಬಿಗೆಯ ಮೇಲಿನ ಚುಕ್ಕಿ ಅಕ್ಷರ

ತಂಬಿಗೆಯ ಕತ್ತಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಏನೋ ಇತ್ತು. ಬೆಳಗಿನ ಆರು ಗಂಟೆ, ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆಯ ಸಂಡೇ ಬಜಾರಿನಲ್ಲಿ ಟಾರ್ಪಾಲಿನ ಮೇಲೆ ಹಳೇ ಬೀಗ, ಮಿಕ್ಸಿ ಜಾರು, ವೈರು, ಚಪ್ಪಲಿ ಎಲ್ಲ ಒಟ್ಟಿಗೆ ಬಿದ್ದಿದ್ದವು. ಫೋನಿನ ಟಾರ್ಚ್ ಹಾಕಿ, ಹೆಬ್ಬೆರಳಿನಿಂದ ಮಸಿ ಒರೆಸಿದೆ. "ಸಾ. ಲ. 14-5-58" ಅಂತ ಕಾಣಿಸಿತು. ಯಾರದೋ ಮದುವೆಗೋ ಮುಂಜಿಗೋ ಕೊಟ್ಟ ಉಡುಗೊರೆ ಇರಬೇಕು. ಚುಕ್ಕಿಗಳು ಒಂದೇ ಸಮ ಇರಲಿಲ್ಲ. "ಲ"ದ ಬಾಲದಲ್ಲಿ ಉಳಿ ಸ್ವಲ್ಪ ಜಾರಿತ್ತು. ಈಗಿನ ಮಿಷನ್ ಬರಹ ಹಾಗಿರುವುದಿಲ್ಲ. ಇದು ಪಾತ್ರೆ ಅಂಗಡಿಯ ಮುಂದೆ ಕೂತು ಯಾರೋ ಕೈಯಲ್ಲೇ ಕುಟ್ಟಿ ಹಾಕಿದ ಹೆಸರು.

"ಹಿತ್ತಾಳೆ ಅಕ್ಕ, ತೂಕಕ್ಕೆ ಹಾಕ್ಕೊಡ್ತೀನಿ" ಅಂದರು ಅಂಗಡಿಯವರು. 640 ಗ್ರಾಂ ತೂಗಿತು, 320 ರೂಪಾಯಿ ಕೊಟ್ಟೆ. ಅವರಿಗೆ ಅದು ಲೋಹ. ನನಗೆ ಆ ಚುಕ್ಕಿಗಳೇ ಬೇಕಾಗಿದ್ದವು. ಹಳೇ ಮನೆಸಾಮಾನು ಕೊಂಡು, ಒಪ್ಪ ಮಾಡಿ, ಮಾರುವ ಕೆಲಸ ನನಗೆ ಶುರುವಾಗಿದ್ದು ಆ ಭಾನುವಾರದಿಂದ.

ಈ ಸಾಮಾನುಗಳೆಲ್ಲ ಗುಜರಿಗೆ ಹೇಗೆ ಬಂದವು ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ. ಸ್ಟೀಲ್ ಬಂದಾಗ ಹಿತ್ತಾಳೆ ಪಾತ್ರೆ ಹಾಕಿ ಸ್ಟೀಲ್ ಪಾತ್ರೆ ತಗೊಂಡರು. ಹುಣಸೆಹಣ್ಣು ಹಾಕಿ ತಿಕ್ಕುವ ಕಷ್ಟ ತಪ್ಪಿತು ಅಂತ ಅಮ್ಮ ಖುಷಿಪಟ್ಟಿದ್ದರು. ಅದರಲ್ಲಿ ತಪ್ಪೇನಿಲ್ಲ. ಬೆಳಿಗ್ಗೆ ಎದ್ದು ಅಷ್ಟೊಂದು ಪಾತ್ರೆ ತಿಕ್ಕಿದವರಿಗೇ ಅದರ ಭಾರ ಗೊತ್ತು. ಅಳತೆಯ ಪಾತ್ರೆಗಳ ಕತೆ ಬೇರೆ. ಮೆಟ್ರಿಕ್ ಪದ್ಧತಿಗೆ 1956ರಲ್ಲಿ ಕಾಯ್ದೆ ಬಂತು, ಮುಂದಿನ ಕೆಲವೇ ವರ್ಷಗಳಲ್ಲಿ ಸೇರು, ಅಚ್ಚೇರು, ಪಾವು, ಚಟಾಕು ಅಂಗಡಿಗಳಿಂದ ಹೊರಗೆ ಹೋದವು. ಮನೆಗಳಲ್ಲಿ ಮಾತ್ರ ಉಳಿದವು. ನಮ್ಮಜ್ಜಿ ಕೊನೆವರೆಗೂ ಪಾವಿನಲ್ಲೇ ಅಕ್ಕಿ ಅಳೆದರು. ಹಳೇ ಸೇರು ಸಿಕ್ಕರೆ ಅಂಚಿನ ಹತ್ತಿರ ನೋಡಿ. ಅಳತೆ ಸರಿ ಇದೆ ಅಂತ ಸರ್ಕಾರದವರು ಒತ್ತಿದ ಮುದ್ರೆ ಕೆಲವದರಲ್ಲಿ ಇರುತ್ತದೆ. ಮುದ್ರೆ ಇದ್ದರೆ ಅದು ಅಂಗಡಿಯಲ್ಲಿ ದುಡಿದ ಸೇರು.

ಇದನ್ನು ನಾನು ಕಲಿತಿದ್ದು ಒಂದು ಸೇರನ್ನು ಹಾಳು ಮಾಡಿಕೊಂಡು. ತುಮಕೂರು ಕಡೆಯ ಒಂದು ಗುಜರಿಯಲ್ಲಿ ಸೇರು, ಅಚ್ಚೇರು, ಪಾವು ಒಂದರೊಳಗೊಂದು ಕೂರುವ ಪೂರ್ತಿ ಜೊತೆ ಸಿಕ್ಕಿತು. ಕಪ್ಪಾಗಿದ್ದವು. ಹೊಳೆಯಲಿ ಅಂತ ಪಾಲಿಶ್ ಅಂಗಡಿಗೆ ಕೊಟ್ಟೆ. ಸಂಜೆ ಹೋಗಿ ನೋಡಿದರೆ ಬಂಗಾರದ ಹಾಗೆ ಹೊಳೆಯುತ್ತಿದ್ದವು. ಆದರೆ ಅಂಚಿನ ಮುದ್ರೆ, ಅದರ ಪಕ್ಕದ ಅಕ್ಷರ ಎರಡೂ ಬಫಿಂಗ್ ಚಕ್ರಕ್ಕೆ ಸಿಕ್ಕಿ ಸವೆದುಹೋಗಿದ್ದವು. ಬೆರಳಾಡಿಸಿದರೆ ಒಂದು ಸಣ್ಣ ತಗ್ಗು ಮಾತ್ರ. ಪಾಲಿಶ್ ಮಾಡಿದವರದು ತಪ್ಪಲ್ಲ, ನಾನೇ ಹೇಳಿರಲಿಲ್ಲ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ವರ್ಷ ಎಷ್ಟೋ ಕೈ ದಾಟಿ ಉಳಿದುಕೊಂಡಿದ್ದು ನನ್ನ ಕೈಯಲ್ಲಿ ಹೋಯಿತಲ್ಲ ಅಂತ ಸಂಕಟವಾಯಿತು. ಈಗ ಯಾವ ಸಾಮಾನನ್ನೂ ಮಿಷನ್‌ಗೆ ಕೊಡುವುದಿಲ್ಲ. ಹುಣಸೆಹಣ್ಣು, ಉಪ್ಪು, ತೆಂಗಿನ ನಾರು, ಆಮೇಲೆ ಒಣಬಟ್ಟೆ. ಅಕ್ಷರ ಇರುವ ಜಾಗಕ್ಕೆ ನಾರೂ ಇಲ್ಲ, ಬೆರಳು ಮಾತ್ರ. ಕಪ್ಪು ಪೂರ್ತಿ ಹೋಗಬೇಕು ಅಂತ ಹಟ ಹಿಡಿಯಬೇಡಿ. ಅಕ್ಷರದ ಚುಕ್ಕಿಯೊಳಗೆ ಕಪ್ಪು ಉಳಿದರೇನೇ ಓದಲು ಬರುವುದು.

ಗುಜರಿಗೆ ಹೋಗುವಾಗ ಚೀಲದಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ. ಹಿತ್ತಾಳೆಗೂ ತಾಮ್ರಕ್ಕೂ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಬಣ್ಣ. ಕಂಚನ್ನು ಕಿವಿಯಿಂದಲೇ ಗುರುತಿಸಬಹುದು. ಹಿತ್ತಾಳೆ ತಾಮ್ರ ಮತ್ತು ಸತುವಿನದು, ಕಂಚು ತಾಮ್ರ ಮತ್ತು ತವರದ್ದು. ಕಂಚಿನ ತಟ್ಟೆಯನ್ನು ಬೆರಳ ತುದಿಯ ಮೇಲಿಟ್ಟು ಉಗುರಿನಿಂದ ತಟ್ಟಿ, ದನಿ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಬಿರುಕಿದ್ದರೆ ದನಿ ಅಲ್ಲೇ ಸಾಯುತ್ತದೆ. ಕೆಳಗೆ ಬಿದ್ದರೆ ಒಳ್ಳೆ ಕಂಚು ಒಡೆದೇ ಹೋಗಬಹುದು, ಅದಕ್ಕೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತೇನೆ.

ಹೊಸದಕ್ಕೆ ಕಪ್ಪು ಹಿಡಿಸಿ ಹಳೆಯದು ಅಂತ ಮಾರುವುದು ಈಗ ಜಾಸ್ತಿ ಆಗಿದೆ. ಅದನ್ನು ಕಂಡುಹಿಡಿಯಲು ಸವೆತ ನೋಡಬೇಕು. ನಿಜವಾಗಿ ಬಳಸಿದ ಸಾಮಾನು ಕೈ ತಾಗುವ ಕಡೆ ಸವೆದಿರುತ್ತದೆ, ಕೈ ಹೋಗದ ಕಡೆ ಸವೆದಿರುವುದಿಲ್ಲ. ಅಡಕತ್ತರಿಯ ಬಾಯಿ ಮಸೆದು ಮಸೆದು ತೆಳ್ಳಗಾಗಿರಬೇಕು. ಈಳಿಗೆಮಣೆಯಲ್ಲಿ ಕಾಲೊತ್ತುವ ಜಾಗ ನುಣುಪಾಗಿರಬೇಕು. ನನ್ನ ಹತ್ತಿರ ಒಂದು ಚೆನ್ನೆಮಣೆ ಇದೆ, ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಮಣೆ, ಹಲಸಿನ ಮರದ್ದು. ಮೇಲೆಲ್ಲ ಗೀರು, ಒಂದು ಮೂಲೆ ಮುರಿದಿದೆ. ಆದರೆ ಅದರ ಗುಳಿಗಳಿಗೆ ಬೆರಳಿಟ್ಟರೆ ಬೆಣ್ಣೆಯ ಹಾಗಿವೆ. ಆಷಾಢದ ಮಳೆಯಲ್ಲಿ ಕೂತು ಮಂಜೊಟ್ಟಿ ಕಾಯಿ ಬಾಚಿ ಬಾಚಿ ಆದ ನುಣುಪು ಅದು. ಅದನ್ನು ಯಾವ ಉಪ್ಪುಕಾಗದವೂ ಮಾಡಲಾರದು.

ಒಂದು ಸಲ ಕಾರೈಕುಡಿಗೂ ಹೋಗಿಬಂದೆ. ತಮಿಳುನಾಡಿನ ಚೆಟ್ಟಿನಾಡಿನ ಊರು. ಅಲ್ಲಿನ ಚೆಟ್ಟಿಯಾರರು ಬರ್ಮಾ, ಮಲಯ ಕಡೆ ವ್ಯಾಪಾರಕ್ಕೆ ಹೋಗಿ ಹಡಗಿನಲ್ಲಿ ತಂದ ಸಾಮಾನೆಲ್ಲ ಈಗ ಅಲ್ಲಿನ ಬೀದಿ ಅಂಗಡಿಗಳಲ್ಲಿದೆ. ಬಣ್ಣಬಣ್ಣದ ಎನಾಮಲ್ ಡಬ್ಬಿ, ಟಿಫಿನ್ ಕ್ಯಾರಿಯರ್, ಪಿಂಗಾಣಿ ಬಟ್ಟಲು. ಅಲ್ಲಿ ಕಲಿತ ಪಾಠ: ಮೊದಲು ತಲೆಕೆಳಗು ಮಾಡು, ಆಮೇಲೆ ಬೆಲೆ ಕೇಳು. ತಳದಲ್ಲಿ ಜೆಕೊಸ್ಲೊವಾಕಿಯಾ ಅಂತಿದ್ದರೆ ಅದು 1918ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಆ ದೇಶ ಹುಟ್ಟಿದ್ದೇ ಆಗ. 'ಆಕ್ಯುಪೈಡ್ ಜಪಾನ್' ಅಂತ ಇದ್ದರೆ ಎರಡನೇ ಮಹಾಯುದ್ಧ ಮುಗಿದು ಜಪಾನ್ ಅಮೆರಿಕದ ಮುಂದಾಳತ್ವದ ಮಿತ್ರಪಡೆಗಳ ಕೈಕೆಳಗಿದ್ದ ಕಾಲದ್ದು. ಆ ಆಡಳಿತ 1952ಕ್ಕೆ ಮುಗಿಯಿತು. ನಮ್ಮ ಮಂಗಳೂರು ಹೆಂಚೂ ಹಾಗೇ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು 1860ರ ದಶಕದಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಎಷ್ಟೊಂದು ಕಾರ್ಖಾನೆಗಳು ಬಂದವು. ಹೆಂಚನ್ನು ಮಗುಚಿದರೆ ಕಾರ್ಖಾನೆಯ ಹೆಸರು, ಊರು ಎಲ್ಲ ಅಲ್ಲೇ ಇರುತ್ತದೆ. ಬೇರೆ ಬೇರೆ ಹೆಸರಿನ ಆರು ಹೆಂಚುಗಳನ್ನು ನಮ್ಮ ಮನೆ ಗೋಡೆಗೆ ಮಗುಚಿಯೇ ಹಾಕಿದ್ದೇನೆ.

ಕೆಲವು ಸಾಮಾನನ್ನು ಮುಟ್ಟುವುದಿಲ್ಲ. ದೇವರ ವಿಗ್ರಹ, ದೇವಸ್ಥಾನದ ಗಂಟೆ, ಪ್ರಭಾವಳಿ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಎಲ್ಲಿಂದ ಬಂತೋ, ಯಾವ ಊರಿನವರು ಹುಡುಕುತ್ತಿದ್ದಾರೋ ಅಲ್ವಾ? ಕಾನೂನೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಕಲಾಕೃತಿಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಮಹತ್ವದ ಹಸ್ತಪ್ರತಿಗಳಿಗೆ 75 ವರ್ಷವೇ ಸಾಕು. ಒಂದು ಮನೆಯಲ್ಲಿ ಮರದ ಪೆಟ್ಟಿಗೆ ಕೊಂಡಾಗ ತಳದಲ್ಲಿ ತಾಳೆಗರಿಯ ಕಟ್ಟು ಇತ್ತು. ಪೆಟ್ಟಿಗೆ ಮಾತ್ರ ತಗೊಂಡೆ. ಕಟ್ಟನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ತೋರಿಸಿ ಅಂತ ಹೇಳಿಬಂದೆ. ಕೌಟಿಲ್ಯನ ಅರ್ಥಶಾಸ್ತ್ರ ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದಿದ್ದು ಅಲ್ಲಿಗೆ ಬಂದ ಇಂಥದೇ ತಾಳೆಗರಿಯಲ್ಲಿ. ಅವರು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು.

ಮನೆಗಳಿಂದ ನೇರವಾಗಿ ಕೊಳ್ಳುವುದು ನನಗೆ ಬಹಳ ಇಷ್ಟದ ಕೆಲಸ, ಬಹಳ ಹುಷಾರಾಗಿ ಮಾಡುವ ಕೆಲಸವೂ ಅದೇ. ತಿಪಟೂರು ಕಡೆ ಒಂದು ತೊಟ್ಟಿ ಮನೆ ಕೆಡವುತ್ತಿದ್ದರು. ಬಚ್ಚಲಲ್ಲಿ ಎರಡು ತಾಮ್ರದ ಹಂಡೆ. ಅಜ್ಜಿ ಜಗಲಿಯ ಮೇಲೆ ಕೂತಿದ್ದರು.

"ತಗೊಂಡು ಹೋಗವ್ವ. ಇನ್ಯಾರು ಉರಿ ಹಾಕಿ ನೀರು ಕಾಯಿಸ್ತಾರೆ?"

"ಅಜ್ಜಿ, ನಿಮ್ಮ ಮಕ್ಕಳನ್ನ ಒಂದು ಮಾತು ಕೇಳಿದ್ರಾ?"

"ಅವರಿಗೇನು ಬೇಕವ್ವ ಇದು."

ಆದರೂ ಒಂದು ವಾರ ಬಿಟ್ಟು ಬರುತ್ತೇನೆ ಅಂದೆ. ಹಾಗೆ ಬಿಟ್ಟುಬಂದಾಗ ಸಾಮಾನು ಕೈತಪ್ಪಿದ್ದೂ ಉಂಟು. ಪರವಾಗಿಲ್ಲ. ವಾರ ಕಳೆದು ಹೋದಾಗ ಸಣ್ಣ ಹಂಡೆಯನ್ನು ಮಗಳು ಇಟ್ಟುಕೊಂಡಿದ್ದರು. ಫೋನಿನಲ್ಲಿ ಅತ್ತುಬಿಟ್ಟಳು ಅಂದರು ಅಜ್ಜಿ. ದೊಡ್ಡದು ನನಗೆ ಸಿಕ್ಕಿತು. ಆ ದಿನದ ಗುಜರಿ ಬೆಲೆ ಎಷ್ಟು ಅಂತ ಅವರ ಎದುರಿಗೇ ಹೇಳಿ, ಅದರ ಮೇಲೆ ಅರ್ಧದಷ್ಟು ಸೇರಿಸಿ ಕೊಟ್ಟೆ. ಬೆಲೆ ಗೊತ್ತಿಲ್ಲದವರ ಹತ್ತಿರ ಚೌಕಾಸಿ ಮಾಡಿ ಗೆಲ್ಲುವುದು ನನಗೆ ಸೇರುವುದಿಲ್ಲ. ಸಂಡೇ ಬಜಾರಿನಲ್ಲಿ ಬೇಕಾದರೆ ಗಂಟೆಗಟ್ಟಲೆ ಚೌಕಾಸಿ ಮಾಡುತ್ತೇನೆ, ಅಲ್ಲಿ ಇಬ್ಬರಿಗೂ ಬೆಲೆ ಗೊತ್ತು.

ಮಾರುವಾಗ ಮುಚ್ಚುಮರೆ ಇಲ್ಲ. ನೆಗ್ಗು ಎಲ್ಲಿದೆಯೋ ಅಲ್ಲೇ ಫೋಟೊ ತೆಗೆಯುತ್ತೇನೆ. ಅಡುಗೆಗೆ ಬಳಸುವವರಿಗೆ ಕಲಾಯಿ, ಅಂದರೆ ಒಳಗಡೆ ತವರದ ಲೇಪ, ಹಾಕಿಸಿಯೇ ಕೊಡುವುದು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಸಾರು, ಹುಳಿ, ಮೊಸರು ಇಡಬಾರದು, ಕಿಲುಬು ಬಿಡುತ್ತದೆ. ಕಲಾಯಿ ಹಾಕುವವರು ಕಡಿಮೆಯಾಗಿದ್ದಾರೆ. ನನಗೆ ಸಿಕ್ಕಿರುವವರು ಒಬ್ಬ ಹಿರಿಯರು. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಒಂದು ಸುತ್ತು ಒರೆಸುತ್ತಾರೆ. ಬಿಳಿ ಹೊಗೆ ಏಳುತ್ತದೆ, ಅದರ ಹಿಂದೆಯೇ ಪಾತ್ರೆಯ ಒಳಗೆಲ್ಲ ಬೆಳ್ಳಿ ಹರಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಲದು. ಅವರ ಕೂಲಿಯಲ್ಲಿ ಮಾತ್ರ ಒಂದು ರೂಪಾಯಿಯೂ ಕಡಿಮೆ ಮಾಡಿಸುವುದಿಲ್ಲ.

ಪ್ರತಿ ಸಾಮಾನಿನೊಳಗೂ ಒಂದು ಚೀಟಿ ಇಟ್ಟು ಕಳಿಸುತ್ತೇನೆ, ನನಗೆ ಗೊತ್ತಿರುವಷ್ಟನ್ನು ಬರೆದು. ಆ ಹಂಡೆ ಹೋದ ತಿಂಗಳು ಮೈಸೂರಿನ ಒಂದು ಮನೆಗೆ ಹೋಯಿತು. ಅದರ ಚೀಟಿ ಹೀಗಿತ್ತು:

"ತಿಪಟೂರು ಕಡೆಯ ತೊಟ್ಟಿ ಮನೆಯ ಬಚ್ಚಲಿನ ಹಂಡೆ. ತಾಮ್ರ, 9 ಕೆಜಿ. ತಳದಲ್ಲಿ ಒಂದು ಹಳೇ ಬೆಸುಗೆ ಇದೆ, ಸೋರುವುದಿಲ್ಲ. ಗಿಡ ಇಡುವುದಾದರೆ ಒಳಗೆ ಬೇರೆ ಕುಂಡ ಇಡಿ, ದಯವಿಟ್ಟು ತೂತು ಕೊರೆಯಬೇಡಿ. ದೀಪಾವಳಿಯ ನೀರು ತುಂಬೋ ಹಬ್ಬಕ್ಕೆ ಇದಕ್ಕೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಕತ್ತಿಗೆ ಹಿಂಡಲಕಾಯಿ ಬಳ್ಳಿ ಕಟ್ಟುತ್ತಿದ್ದರಂತೆ. ಕತ್ತಿನ ಸಂದಿಯಲ್ಲಿ ಸ್ವಲ್ಪ ಸುಣ್ಣ ಇನ್ನೂ ಇದೆ. ಅದನ್ನು ನಾನು ತೊಳೆದಿಲ್ಲ."