ಮೆಟಲ್ ಸೌಂಡಿಗೆ ಯಾವ ಪಿಕಪ್ ಹಾಕ್ಸಬೇಕು?

ಬಳ್ಳಾರಿ, ಹೊಸಪೇಟೆ ಕಡೆ ಗಿಟಾರ್ ಬಾರ್ಸೋ ಹುಡುಗ್ರು ಇದನ್ನ ಕೇಳ್ತಾನೇ ಇರ್ತೀರಿ, ಅದಕ್ಕ ಹೇಳ್ತೀನಿ. ಪಿಕಪ್ ಅಂದ್ರ ತಂತಿ ಅಲುಗಾಟ ಹಿಡಿದು ಆಂಪಿಗೆ ಕಳ್ಸೋ ಭಾಗ. ಬ್ರಿಡ್ಜ್ ಕಡೆ (ಬಾಡಿ ಮ್ಯಾಲ ತಂತಿ ಕೂಡೋ ಕಡೆ) ಹಂಬಕರ್, ಅಂದ್ರ ಎರಡು ಕಾಯಿಲಿನ ಪಿಕಪ್, ಇರ್ಲೇಬೇಕು. ಸಿಂಗಲ್ ಕಾಯಿಲ್ ಇಟ್ಕೊಂಡು ಗೇನ್ (ಆಂಪಿನಾಗ ಸೌಂಡ್ ಒಡೆಸೋ ನಾಬ್) ಏರಿಸಿದ್ರ ಕರೆಂಟಿನ ಗುಂಯ್ ಸೌಂಡೂ ಜೊತಿಗೇ ಏರ್ತೈತಿ, ಗಣಪತಿ ಪೆಂಡಾಲಿನಾಗ ಸೀರಿಯಲ್ ಲೈಟು, ಆಂಪು ಎಲ್ಲಾ ಒಂದೇ ಲೈನಿನಾಗ ಇದ್ರಂತೂ ಕೇಳೋದೇ ಬ್ಯಾಡ. ಹಂಬಕರ್‌ನಾಗ ಎರಡು ಕಾಯಿಲ್ ಒಂದಕ್ಕೊಂದು ಉಲ್ಟಾ, ಮ್ಯಾಗ್ನೆಟ್ ದಿಕ್ಕೂ ಉಲ್ಟಾ, ಹಂಗಾಗಿ ಆ ಗುಂಯ್ ಅನ್ನೋದು ಕಟ್ ಆಗಿ ತಂತಿ ಸೌಂಡ್ ಉಳೀತೈತಿ.

ಪಾಮ್ ಮ್ಯೂಟ್ (ಅಂಗೈ ಅಂಚು ತಂತಿ ಮ್ಯಾಲಿಟ್ಟು ಬಾರ್ಸೋದು) ಬಿಗಿಯಾಗಿ ಬರ್ಬೇಕಂದ್ರ ಸಿರಾಮಿಕ್ ಮ್ಯಾಗ್ನೆಟ್ ತಗೋರಿ, ನೆಕ್ ಕಡೆ ಲೀಡ್ ಸ್ವಲ್ಪ ಮೆತ್ತಗ ಬೇಕಂದ್ರ ಅಲ್ನಿಕೋ 5 ಅನ್ನೋ ಮ್ಯಾಗ್ನೆಟ್. ಇಎಂಜಿ ಕಂಪನಿಯ 81, 85 ಪಿಕಪ್ ಜೋಡಿ ಹಿಂಗೇ ಐತಿ, ಆದ್ರ ಅವು ಆಕ್ಟಿವ್, ಅಂದ್ರ ಬ್ಯಾಟ್ರಿ ಮ್ಯಾಲ ನಡಿಯೋವು, 9 ವೋಲ್ಟ್ ಬ್ಯಾಟ್ರಿ ಇಡಾಕ ಬಾಡಿಯಾಗ ಜಾಗ ಬೇಕು, ಪಾಟ್ (ವಾಲ್ಯೂಮ್, ಟೋನ್ ನಾಬಿನ ಕೆಳಗಿನ ಭಾಗ) ಕೂಡ 25ಕೆ, ಅಂದ್ರ 25 ಕಿಲೋ ಓಮಿಂದು ಬೇಕು, ಹಳೇ 500ಕೆ ಪಾಟ್ ಹಂಗೇ ಇಡಬ್ಯಾಡ್ರಿ. ಬಾರ್ಸೋದು ಮುಗದ ಮ್ಯಾಲ ಕೇಬಲ್ ತೆಗೀರಿ, ಇಲ್ಲಾಂದ್ರ ಬ್ಯಾಟ್ರಿ ಖಾಲಿ. ಜಾಗ ಇಲ್ದಿದ್ರ ಪ್ಯಾಸಿವ್‌ನಾಗ (ಬ್ಯಾಟ್ರಿ ಬ್ಯಾಡಾದ ಪಿಕಪ್‌ನಾಗ) ಡಿಮಾರ್ಜಿಯೋ ಸೂಪರ್ ಡಿಸ್ಟಾರ್ಷನ್ ನೋಡ್ರಿ, ನನಗ ಅದ ಇಷ್ಟ.

ರೊಕ್ಕ ಹಾಕೋಕ್ಕಿಂತ ಮೊದ್ಲು ಈಗಿರೋ ಪಿಕಪ್ಪಿನ ಹೈಟ್ ಒಮ್ಮೆ ಸರಿ ಮಾಡ್ರಿ, ಕಡೇ ಫ್ರೆಟ್ ಒತ್ತಿ ಹಿಡಿದಾಗ ತಂತಿಗೂ ಪಿಕಪ್ಪಿಗೂ ಸುಮಾರು 2 ಮಿಲಿಮೀಟರ್ ಗ್ಯಾಪ್ ಇಟ್ಟು, ಸ್ಕ್ರೂ ಸ್ವಲ್ಪ ಸ್ವಲ್ಪ ತಿರುಗಿಸ್ಕೊಂತ ಕೇಳ್ರಿ.